ಮೆಶ್ ವೈಫೈ: ಮೊದಲು ಕೇಬಲ್ಲಿನ ಯೋಚನೆ, ಆಮೇಲೆ ಪೆಟ್ಟಿಗೆಯ ಖರೀದಿ

ಬೆಂಗಳೂರಿನ 30×40 ಅಡಿ ನಿವೇಶನದಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಫೈಬರ್ ಸಂಪರ್ಕ ಕೊಡಲು ಬಂದವರು ಬೀದಿ ಕಡೆಯ ಗೋಡೆಯಲ್ಲಿ ತೂತು ಕೊರೆದು, ಕೇಬಲ್ ಸುಲಭವಾಗಿ ತಲುಪುವ ಜಾಗದಲ್ಲಿ, ಅಂದರೆ ಹಾಲ್‌ನ ಟಿವಿ ಪಕ್ಕದಲ್ಲಿ, ಪೆಟ್ಟಿಗೆಯನ್ನು ಕೂರಿಸಿ ಹೋಗುತ್ತಾರೆ. ಅಲ್ಲಿಂದ ಮಹಡಿಯ ಹಿಂದಿನ ಕೋಣೆಗೆ ತಲುಪಬೇಕಾದರೆ ಸಿಗ್ನಲ್ ಕಾಂಕ್ರೀಟ್ ಬ್ಲಾಕಿನ ಗೋಡೆಗಳನ್ನೂ, ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ಸ್ಲ್ಯಾಬನ್ನೂ ದಾಟಬೇಕು. ವೇಗ ಹೆಚ್ಚು ಕೊಡುವ 5 ಗಿಗಾಹರ್ಟ್ಸ್ ಅಲೆಗಳು ಇಂಥ ಅಡೆತಡೆಗಳಲ್ಲಿ ಬೇಗ ಸೊರಗುತ್ತವೆ, 2.4 ಗಿಗಾಹರ್ಟ್ಸ್ ಅಲೆಗಳು ಹೇಗೋ ತಲುಪಿದರೂ, ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಅದೇ ಕಿರಿದಾದ ಹಾದಿಯಲ್ಲಿ ತುಂಬಿಕೊಂಡಿರುವುದರಿಂದ, ಅಲ್ಲಿ ಸಿಗುವ ವೇಗ ಅಷ್ಟಕ್ಕಷ್ಟೇ. ಕೊನೆಗೆ ಕಚೇರಿಯ ಮೀಟಿಂಗ್ ಇರುವವರು ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ.

ಈ ತೊಂದರೆಗೆ ಮೆಶ್ ವೈಫೈ, ಅಂದರೆ ಮನೆಯ ಬೇರೆಬೇರೆ ಕಡೆ ಇಟ್ಟ ಎರಡು ಮೂರು ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಜಾಲವಾಗಿ ಕೆಲಸ ಮಾಡುವ ವ್ಯವಸ್ಥೆ, ನಿಜಕ್ಕೂ ಒಳ್ಳೆಯ ಪರಿಹಾರ. ಆದರೆ ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆಗಳು ಮಾತ್ರ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಷ್ಟು ಪೆಟ್ಟಿಗೆ ಬರುತ್ತವೆ, ವೈಫೈನ ಯಾವ ತಲೆಮಾರು, 6 ಇದೆಯೋ 7 ಇದೆಯೋ ಎಂದು ಕೇಳುತ್ತೇವೆ. ಆ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಯಾವ ದಾರಿಯಿಂದ ಮಾತಾಡಿಕೊಳ್ಳುತ್ತವೆ ಎಂದು ಕೇಳುವುದಿಲ್ಲ.

ಪೆಟ್ಟಿಗೆಗಳ ನಡುವಿನ ಈ ದಾರಿಗೇ ಬ್ಯಾಕ್‌ಹಾಲ್ ಎನ್ನುವುದು. ಕಡಿಮೆ ಬೆಲೆಯ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್‌ಗೆ ಒಂದೊಂದೇ ರೇಡಿಯೋ ಇರುವ) ಸೆಟ್ಟುಗಳಲ್ಲಿ ನಿಮ್ಮ ಫೋನಿನ ಜೊತೆ ಮಾತಾಡುವ 5 ಗಿಗಾಹರ್ಟ್ಸ್ ರೇಡಿಯೋವೇ ಮುಖ್ಯ ಪೆಟ್ಟಿಗೆಯ ಜೊತೆಗೂ ಮಾತಾಡಬೇಕು. ಒಂದೇ ಚಾನೆಲ್‌ನಲ್ಲಿ ಪ್ರತಿಯೊಂದು ಮಾಹಿತಿಯೂ ಎರಡು ಸಲ ಗಾಳಿಯಲ್ಲಿ ಹೋಗಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಮೂರನೆಯ ಪೆಟ್ಟಿಗೆಯನ್ನು ಎರಡನೆಯದರ ಹಿಂದೆ ಇಟ್ಟರೆ ಇನ್ನೂ ಇಳಿಯುತ್ತದೆ. ಟ್ರೈ ಬ್ಯಾಂಡ್ ಸೆಟ್ಟಿನಲ್ಲಿ ಈ ಕೆಲಸಕ್ಕೆ ಇನ್ನೊಂದು ರೇಡಿಯೋ ಇರುತ್ತದೆ, ಆದರೆ ಬೆಲೆಯೂ ಏರುತ್ತದೆ. ಇವೆರಡಕ್ಕಿಂತ ಮೇಲಾದದ್ದು, ಎಷ್ಟೋ ವೇಳೆ ಇವಕ್ಕಿಂತ ಅಗ್ಗವೂ ಆದದ್ದು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎಳೆದ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಅದು 100 ಮೀಟರಿನವರೆಗೆ ಒಂದು ಗಿಗಾಬಿಟ್ ವೇಗವನ್ನು ಸಲೀಸಾಗಿ ಸಾಗಿಸುತ್ತದೆ, ಗೋಡೆ ಎಷ್ಟು ದಪ್ಪವಿದ್ದರೂ ಅದಕ್ಕೆ ಲೆಕ್ಕವಿಲ್ಲ.

ಆದ್ದರಿಂದ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ಕಳಕಳಿಯ ಕೋರಿಕೆ ಇದು: ಮೋಲ್ಡ್ ಹಾಕುವ ಮುನ್ನವೇ ಎಲೆಕ್ಟ್ರಿಷಿಯನ್ ಜೊತೆ ಕೂತು, ಹಾಲ್‌ನಿಂದ ಪ್ರತಿ ಮಹಡಿಯ ನಡುಭಾಗಕ್ಕೆ ಒಂದೊಂದು ಪ್ರತ್ಯೇಕ ಪೈಪ್ ಹಾಕಿಸಿ. ಕರೆಂಟ್ ವೈರಿನ ಪೈಪಿನಲ್ಲೇ ಇದನ್ನೂ ತೂರಿಸುತ್ತೇನೆ ಎಂದರೆ ಒಪ್ಪಬೇಡಿ, ಅದು ಸುರಕ್ಷಿತವೂ ಅಲ್ಲ. ಕೇಬಲ್ ಕೊಳ್ಳುವಾಗ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ಶುದ್ಧ ತಾಮ್ರದ್ದೇ ಬೇಕೆಂದು ಕೇಳಿ. ಈಗಾಗಲೇ ಕಟ್ಟಿದ ಮನೆಯಾದರೆ ಮೆಟ್ಟಿಲ ಗೋಡೆಯ ಅಂಚಿನಲ್ಲಿ ಕೇಸಿಂಗ್ ಪಟ್ಟಿಯೊಳಗೆ ಕೇಬಲ್ ತರಬಹುದು. ನೋಟ ಸ್ವಲ್ಪ ಕೆಡುತ್ತದೆ ನಿಜ, ಆದರೂ ಮಾಡಿಸಬೇಕಾದ ಕೆಲಸವೇ. ಜೊತೆಗೆ ಪೆಟ್ಟಿಗೆಯ ಹಿಂದೆ ಈ ಕೇಬಲ್ ಸಿಕ್ಕಿಸುವ ಪೋರ್ಟ್ ಗಿಗಾಬಿಟ್ ಹೌದೇ ಎಂದು ಓದಿ ನೋಡಿ. ಕೆಲವು ಅಗ್ಗದ ಮಾದರಿಗಳಲ್ಲಿ ಅದು 100 ಮೆಗಾಬಿಟ್‌ಗೆ ಸೀಮಿತವಾಗಿರುತ್ತದೆ. ಅಂಥದ್ದನ್ನು ತಂದರೆ 300 ಮೆಗಾಬಿಟ್ ಪ್ಲಾನಿಗೆ ತೆತ್ತ ಹಣ ವ್ಯರ್ಥ.

ಕೇಬಲ್ ಸಾಧ್ಯವೇ ಇಲ್ಲದ ಮನೆಯಲ್ಲಿ ಜಾಗದ ಆಯ್ಕೆಯೇ ಎಲ್ಲವೂ. ನಾನು ಮೊದಲ ಸಲ ಸೆಟ್ ತಂದಾಗ ಎರಡನೆಯ ಪೆಟ್ಟಿಗೆಯನ್ನು ಸಿಗ್ನಲ್ ಸಿಗದ ಕೋಣೆಯೊಳಗೇ ಇಟ್ಟೆ. ಫೋನಿನಲ್ಲಿ ವೈಫೈ ಗೆರೆಗಳು ತುಂಬಿದವು, ವಿಡಿಯೋ ಮಾತ್ರ ನಿಂತುನಿಂತು ಬಂತು. ತನಗೇ ಸರಿಯಾಗಿ ತಲುಪದ್ದನ್ನು ಆ ಪೆಟ್ಟಿಗೆ ಬೇರೆಯವರಿಗೆ ಹೇಗೆ ಹಂಚೀತು? ಅದನ್ನು ಮೆಟ್ಟಿಲು ಮಹಡಿಗೆ ತೆರೆದುಕೊಳ್ಳುವ ಕಡೆ, ಹೆಚ್ಚುಕಡಿಮೆ ನಡುದಾರಿಯಲ್ಲಿ, ತಂದಿಟ್ಟ ದಿನದಿಂದ ಆ ಕೋಣೆಯಲ್ಲಿ ತೊಂದರೆಯಾಗಿಲ್ಲ.

ಅಳವಡಿಸುವಾಗ ಬಹಳ ಮಂದಿ ಮರೆಯುವ ಸಂಗತಿ ಇನ್ನೊಂದಿದೆ. ಸಂಪರ್ಕ ಕೊಟ್ಟವರ ಪೆಟ್ಟಿಗೆಯೂ ರೂಟರೇ, ನೀವು ತಂದದ್ದೂ ರೂಟರೇ. ಮನೆಯ ಸಾಧನಗಳಿಗೆಲ್ಲ ಇಂಟರ್ನೆಟ್ ಹಂಚುವ ಅದೇ ಕೆಲಸಕ್ಕೆ ಎರಡೂ ನಿಂತರೆ ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವುದು, ಕೆಲವು ಆನ್‌ಲೈನ್ ಆಟಗಳು ಮುಂತಾದವು ಕೈಕೊಡಬಹುದು. ಸಂಪರ್ಕ ಕೊಟ್ಟವರ ಹಳೆಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ, ಅಂದರೆ ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಮುಂದಕ್ಕೆ ದಾಟಿಸುವ ಸ್ಥಿತಿಗೆ, ಹಾಕಿಸಿಕೊಳ್ಳಿ. ಅದಕ್ಕೆ ಲಾಗಿನ್ ಹೆಸರು, ಪಾಸ್‌ವರ್ಡ್ ಬೇಕಾದೀತು, ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅದಾಗದಿದ್ದರೆ ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ, ಅಂದರೆ ರೂಟರ್ ಕೆಲಸ ಹಳೆಯದಕ್ಕೇ ಬಿಟ್ಟು ವೈಫೈ ಮಾತ್ರ ಕೊಡುವಂತೆ, ನಡೆಸಿ. ಹೇಗೇ ಆಗಲಿ, ಹಳೆಯ ಪೆಟ್ಟಿಗೆಯ ವೈಫೈ ಆರಿಸಿಬಿಡಿ, ಇಲ್ಲವಾದರೆ ಫೋನುಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಹೊಸ ಜಾಲಕ್ಕೆ ಹಳೆಯ ವೈಫೈನ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟರೆ ಟಿವಿ, ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ.

ಕೊನೆಯದಾಗಿ ಕರೆಂಟ್. ಮೆಶ್‌ನಲ್ಲಿ ಒಂದೊಂದು ಪೆಟ್ಟಿಗೆಗೂ ಬೇರೆ ಪ್ಲಗ್ ಬೇಕು, ಹಾಗಾಗಿ ಆ ಎಲ್ಲ ಪ್ಲಗ್‌ಗಳೂ ಇನ್ವರ್ಟರ್ ಲೈನಿನಲ್ಲಿವೆಯೇ ಎಂದು ಮೊದಲೇ ಪರೀಕ್ಷಿಸಿ. ಕರೆಂಟ್ ಹೋದ ಕ್ಷಣದಲ್ಲಿ ಅವು ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಗುಂಡಿ ಇದೆಯೇ ನೋಡಿ, ಇದ್ದರೆ ಅದನ್ನು ಹಾಕಿ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಫೈಬರ್ ಪೆಟ್ಟಿಗೆಗೂ ಮುಖ್ಯ ಮೆಶ್ ಪೆಟ್ಟಿಗೆಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ಎರಡೂ ಅಡಾಪ್ಟರ್‌ಗಳ ಮೇಲೆ ಬರೆದ ವೋಲ್ಟೇಜ್ ಮತ್ತು ಆಂಪಿಯರ್ ಆ ಯುಪಿಎಸ್‌ಗೆ ಹೊಂದುತ್ತವೆಯೇ ಎಂದು ಓದಿಕೊಳ್ಳಿ.