ಪಾನಕದ ಹದ, ಪಂಚ್‌ನ ಲೋಟ

ರಾಮನವಮಿಯ ದಿನ ನಮ್ಮ ಮನೆಯಲ್ಲಿ ಪಾನಕ ಹಂಚುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮೊದಲು ಬಂದವರ ಲೋಟಕ್ಕೆ ಬೆಲ್ಲದ ಸಿಹಿಯೂ ಏಲಕ್ಕಿಯ ತಂಪೂ ಹೋಗುತ್ತಿದ್ದವು; ಪಾತ್ರೆ ಬರಿದಾಗುವ ಹೊತ್ತಿಗೆ ಬಂದವರು ಮಾತ್ರ ಒಂದು ಗುಟುಕಿಗೇ ಕೆಮ್ಮುತ್ತಿದ್ದರು, ಏಕೆಂದರೆ ಕುಟ್ಟಿದ ಕಾಳುಮೆಣಸೆಲ್ಲ ತಳದಲ್ಲಿ ಕುಳಿತಿರುತ್ತಿತ್ತು. ‘ಸೌಟಿನಿಂದ ತಿರುವಿ ಬಡಿಸು’ ಎಂದು ಅಮ್ಮ ಪ್ರತಿ ವರ್ಷವೂ ಎಚ್ಚರಿಸುತ್ತಿದ್ದರು. ಮೆಣಸು ತಳ ಹಿಡಿಯುವ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಮನೆಯಲ್ಲಿ ಕಾಕ್‌ಟೇಲ್ ಬೆರೆಸುವ ಹವ್ಯಾಸ ಹತ್ತಿದ ಮೇಲೆ.

ಮೆಣಸಿಗೆ ಖಾರ ಕೊಡುವ ಪೈಪರಿನ್ ಎಂಬ ಅಂಶ ನೀರಿನಲ್ಲಿ ಕರಗುವುದು ತೀರ ಕಡಿಮೆ. ಒಂದು ಲೀಟರಿಗೆ ಸುಮಾರು 40 ಮಿಲಿಗ್ರಾಂ ಅಷ್ಟೆ. ಶುದ್ಧ ಆಲ್ಕೋಹಾಲಾದರೆ 15 ಮಿಲಿಲೀಟರಿನಲ್ಲೇ ಒಂದು ಗ್ರಾಂ ಪೈಪರಿನ್ ಕರಗುತ್ತದೆ. ನಮ್ಮಲ್ಲಿ ಸಿಗುವ ಹೆಚ್ಚಿನ ರಮ್ ಬಾಟಲಿಗಳ ಮೇಲೆ ಆಲ್ಕೋಹಾಲ್ ಶೇಕಡಾ 42.8 ಎಂದು ಬರೆದಿರುವುದರಿಂದ ಅದರ ಕರಗಿಸುವ ಶಕ್ತಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಆದ್ದರಿಂದ ಪಾನಕದಲ್ಲಿ ತಳಕ್ಕಿಳಿಯುವ ಖಾರವೇ ರಮ್ಮಿನಲ್ಲಿ ಮೊದಲ ಗುಟುಕಿನಿಂದ ಕೊನೆಯವರೆಗೂ ಒಂದೇ ಸಮನೆ ಹರಡಿಕೊಳ್ಳುತ್ತದೆ. ಅಡುಗೆಯಲ್ಲಿ ಎಣ್ಣೆ ತುಪ್ಪ ಮಾಡುವ ಕೆಲಸವನ್ನು ಲೋಟದಲ್ಲಿ ಮದ್ಯ ಮಾಡುತ್ತದೆ, ಮತ್ತು ಒಗ್ಗರಣೆ ಸೀದರೆ ಸಾರು ಕೆಡುವಂತೆ ಇಲ್ಲಿಯೂ ಹೊತ್ತು ಮೀರಿದರೆ ಇಡೀ ಬಾಟಲಿ ಕೆಡುತ್ತದೆ.

ಗಾಜಿನ ಭರಣಿಯೊಂದರಲ್ಲಿ ರಮ್ಮಿಗೆ ಮಸಾಲೆ ನೆನೆಹಾಕಿದ ನನ್ನ ಮೊದಲ ಪ್ರಯತ್ನ ಹಾಗೆಯೇ ಕೆಟ್ಟಿತ್ತು. ಮೆಣಸು, ಏಲಕ್ಕಿ, ಚಕ್ಕೆ, ಎಂಟು ಲವಂಗ, ಎಲ್ಲವನ್ನೂ ಒಟ್ಟಿಗೆ ಹಾಕಿ ವಾರವಿಡೀ ಬಿಟ್ಟಿದ್ದೆ. ಸೋಸಿ ನಾಲಿಗೆಗೆ ಹಚ್ಚಿದಾಗ ಸಿಕ್ಕಿದ್ದು ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆಯ ರುಚಿ. ತುಟಿ ಜೋಮು ಹಿಡಿಯಿತು, ಉಳಿದ ಯಾವ ಪರಿಮಳವೂ ಮೇಲೇಳಲಿಲ್ಲ. ಲವಂಗದಲ್ಲಿರುವ ಯೂಜಿನಾಲ್ ಮದ್ಯದಲ್ಲಿ ಸಲೀಸಾಗಿ ಕರಗಿಬಿಡುತ್ತದೆ. ಅರ್ಧ ಬಾಟಲಿಗೆ ಒಂದೇ ಲವಂಗ ಸಾಕು, ಅದೂ ಎರಡು ಗಂಟೆಯ ಮಟ್ಟಿಗೆ.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಸಂಜೆ 375 ಮಿಲಿಲೀಟರ್ ರಮ್ಮಿಗೆ ಒಂದು ಚಮಚ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಹಾಕುತ್ತೇನೆ. ಮಲಗುವ ಮುನ್ನ ಆರು ಏಲಕ್ಕಿಯನ್ನು ಸಿಪ್ಪೆ ಬಿಡಿಸದೆ, ಕಾಳು ಕಾಣುವಷ್ಟು ಮಾತ್ರ ಜಜ್ಜಿ ಸೇರಿಸುತ್ತೇನೆ; ನುಣ್ಣಗೆ ಪುಡಿ ಮಾಡಿದರೆ ಸೋಸುವುದು ಕಷ್ಟ, ಒಗರೂ ಬರುತ್ತದೆ. ಬೆಳಿಗ್ಗೆ ಲವಂಗ ಬೀಳುತ್ತದೆ, ಎರಡು ಗಂಟೆಯ ನಂತರ ಎಲ್ಲವನ್ನೂ ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ಪ್ರತಿ ಹಂತದಲ್ಲೂ ಒಂದೊಂದು ಹನಿ ರುಚಿ ನೋಡುವುದನ್ನು ತಪ್ಪಿಸಬಾರದು, ಏಕೆಂದರೆ ಹೊಸ ಫಸಲಿನ ಏಲಕ್ಕಿಗೂ ವರ್ಷದಿಂದ ಡಬ್ಬಿಯಲ್ಲಿ ಕುಳಿತ ಏಲಕ್ಕಿಗೂ ಇರುವ ಅಂತರವನ್ನು ಯಾವ ಅಳತೆಯೂ ಹೇಳಲಾರದು. ಕಾಕ್‌ಟೇಲ್ ಕುಲುಕುವ ಪಾತ್ರೆಯಾದ ಶೇಕರಿಗೆ ನೇರವಾಗಿ ಗರಂ ಮಸಾಲೆ ಪುಡಿ ಉದುರಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ಹಲ್ಲಿಗೆ ಸಿಗುವ ಪುಡಿಯಾಗಿಯೇ ಉಳಿಯುತ್ತದೆ. ಮೆಣಸಿನ ಖಾರ ಬೇಡ, ಪರಿಮಳ ಸಾಕು ಎನ್ನುವವರಿಗೆ ಮೆಣಸು ಹಾಕಿ ಬಟ್ಟಿ ಇಳಿಸಿದ ಜಿನ್ ಒಳ್ಳೆಯದು, ಏಕೆಂದರೆ ಬಟ್ಟಿಯಲ್ಲಿ ಸುವಾಸನೆಯ ಎಣ್ಣೆಗಳು ಆವಿಯಾಗಿ ಬರುತ್ತವೆ, ಪೈಪರಿನ್ ಹಿಂದೆಯೇ ಉಳಿಯುತ್ತದೆ.

ಈ ರಮ್ಮನ್ನು ನಾನು ಬಳಸುವುದು ಪಂಚ್‌ಗೆ. ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ 1632ರಲ್ಲಿ ಭಾರತದಿಂದ ಬರೆದ ಪತ್ರದಲ್ಲಿ ಪಂಚ್ ಎಂಬ ಪಾನೀಯದ ಮಾತು ಬರುತ್ತದೆ. 1670ರ ದಶಕದಲ್ಲಿ ಇಲ್ಲಿ ಸಂಚರಿಸಿದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್, ಐದು ಪದಾರ್ಥಗಳು ಸೇರುವುದರಿಂದ ಐದು ಎಂಬ ಅರ್ಥದ ಹಿಂದೂಸ್ತಾನಿ ಪದವೇ ಅದರ ಹೆಸರಾಯಿತು ಎಂದು ಬರೆದ. ಈ ವ್ಯುತ್ಪತ್ತಿಯನ್ನು ಎಲ್ಲ ಭಾಷಾತಜ್ಞರೂ ಒಪ್ಪುವುದಿಲ್ಲ, ಆದರೆ ಸಾರಾಯಿ, ಸಕ್ಕರೆ, ನಿಂಬೆರಸ, ನೀರು, ಮಸಾಲೆ ಎಂಬ ಪಟ್ಟಿಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸಾರಾಯಿಯನ್ನು ತೆಗೆದು ಸಕ್ಕರೆಯ ಜಾಗದಲ್ಲಿ ಬೆಲ್ಲವನ್ನಿಟ್ಟರೆ ಉಳಿಯುವುದು ನಮ್ಮ ಪಾನಕವೇ! ದೇವರ ಮುಂದಿಟ್ಟ ಪಾನಕಕ್ಕೆ ಮದ್ಯ ಬೆರೆಸುವ ಮಾತನ್ನು ನಾನು ಆಡುತ್ತಿಲ್ಲ. ಸಿಹಿ, ಹುಳಿ, ಖಾರಗಳನ್ನು ಅದು ತೂಗುವ ಬಗೆಯನ್ನಷ್ಟೇ ಕಲಿಯುತ್ತಿದ್ದೇನೆ. ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಷೇಧವಾಗಿರುವುದರಿಂದ ಅದರ ಸ್ಥಾನದಲ್ಲಿ ರಮ್ ಬಂದಿದೆ.

ಬೆಲ್ಲದ ಪಾಕಕ್ಕೆ 200 ಗ್ರಾಂ ಬೆಲ್ಲ, 200 ಮಿಲಿಲೀಟರ್ ನೀರು. ಬೆಲ್ಲ ಕರಗಿದ ಕೂಡಲೇ ಒಲೆ ಆರಿಸಿ, ಬಿಸಿ ಇರುವಾಗಲೇ ಅರ್ಧ ಚಮಚ ಶುಂಠಿ ಪುಡಿ ಕದಡಿ, ತಣ್ಣಗಾದ ಮೇಲೆ ಸೋಸಬೇಕು. ಒಂದು ಲೋಟಕ್ಕೆ 60 ಮಿಲಿಲೀಟರ್ ರಮ್, 25 ಮಿಲಿಲೀಟರ್ ಪಾಕ, 20 ಮಿಲಿಲೀಟರ್ ನಿಂಬೆರಸ, 75 ಮಿಲಿಲೀಟರ್ ತಣ್ಣೀರು, ದೊಡ್ಡದೊಂದು ಐಸ್ ತುಂಡು. ತಣ್ಣಗಿನ ಪಾನೀಯದಿಂದ ಪರಿಮಳ ಕಡಿಮೆ ಏಳುವುದರಿಂದ ಕೊನೆಯಲ್ಲಿ ಜಾಯಿಕಾಯಿಯನ್ನು ಲೋಟದ ಮೇಲೆಯೇ ತುರಿಯುತ್ತೇನೆ. ಮೂಗಿಗೆ ಮೊದಲು ಅದು ಸಿಗುತ್ತದೆ, ನಂತರ ಬೆಲ್ಲ, ನಿಂಬೆ, ನುಂಗಿದ ಮೇಲೆ ಗಂಟಲಿನಲ್ಲಿ ನಿಧಾನವಾಗಿ ಮೆಣಸು.

ಅಮ್ಮ ಮದ್ಯ ಮುಟ್ಟುವವರಲ್ಲ. ಅವರಿಗಾಗಿ ರಮ್ ಇಲ್ಲದೆ, ಮೆಣಸು ಏಲಕ್ಕಿಯನ್ನು ಆಗಲೇ ಕುಟ್ಟಿ ಹಾಕಿ ಅದೇ ಅಳತೆಯ ಲೋಟವೊಂದನ್ನು ಬೆರೆಸಿಕೊಟ್ಟೆ. ಎರಡು ಗುಟುಕು ಕುಡಿದು, ಚಮಚ ಕೇಳಿ ತಳದಿಂದ ತಿರುವಿ, ಮತ್ತೊಂದು ಗುಟುಕು ಕುಡಿದು, ‘ಶುಂಠಿ ಸಾಲದು’ ಎಂದರು. ಈ ಸಲದ ಪಾಕಕ್ಕೆ ಮುಕ್ಕಾಲು ಚಮಚ ಹಾಕಿದ್ದೇನೆ.