ಬಾಗಿಲ ಬಳಿಯ ಕುರ್ಚಿ

ಕೇಳುಗರಿಗೆ ನಮಸ್ಕಾರ.

ಕಾಲೇಜು ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸೇವೆ ಕಟ್ಟುವುದು ಹೇಗೆ? ಇವತ್ತು ಅದರ ಬಗ್ಗೆ ಮಾತಾಡೋಣ. ಬಹಳ ವರ್ಷಗಳಿಂದ ನಾನು ಈ ಕೆಲಸದಲ್ಲಿದ್ದೇನೆ. ತಪ್ಪು ಮಾಡಿ ಕಲಿತದ್ದೇ ಜಾಸ್ತಿ. ಹಾಗಾಗಿ ನನ್ನ ಒಂದು ತಪ್ಪಿನಿಂದಲೇ ಶುರುಮಾಡುತ್ತೇನೆ.

ಮೊದಲ ಎರಡು ವರ್ಷ ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಕೋಣೆ ಗೊತ್ತುಮಾಡುವುದು ನಾನೇ, ಕುರ್ಚಿ ಜೋಡಿಸುವುದು ನಾನೇ. ಹಾಡು ಆರಿಸುವುದು, ಬೈಬಲ್ ವಾಕ್ಯ ವಿವರಿಸಿ ಹೇಳುವುದು, ಕೊನೆಯ ಪ್ರಾರ್ಥನೆ ಕೂಡ ನನ್ನದೇ. ವಾರವಾರ ಕೋಣೆ ತುಂಬುತ್ತಿತ್ತು. ಸೇವೆ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೆ. ಒಮ್ಮೆ ಜ್ವರ ಬಂದು ಮೂರು ವಾರ ಮಲಗಿಬಿಟ್ಟೆ. ಎದ್ದು ಹೋಗಿ ನೋಡಿದರೆ ಕೋಣೆಗೆ ಬೀಗ. ಮೂರು ವಾರವೂ ಕೂಟ ನಡೆದೇ ಇರಲಿಲ್ಲ. ಯಾಕೆ ಅಂತ ಒಬ್ಬ ಹುಡುಗಿಯನ್ನು ಕೇಳಿದೆ. "ನೀವು ಬರಲಿಲ್ವಲ್ಲ, ಬ್ರದರ್" ಅಂದಳು. ಅವಳದೇನೂ ತಪ್ಪಿಲ್ಲ. ನಾನು ಬಂದರೆ ಕೂಟ, ಇಲ್ಲದಿದ್ದರೆ ಇಲ್ಲ ಅಂತ ಎರಡು ವರ್ಷ ಕಲಿಸಿದವನು ನಾನೇ ಅಲ್ವಾ?

ಸಭೆಯ, ಅಂದರೆ ಚರ್ಚಿನ, ಸೇವೆಗೂ ಕಾಲೇಜಿನ ಸೇವೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಭೆಯಲ್ಲಿ ಒಂದು ಕುಟುಂಬ 30 ವರ್ಷ ಇರಬಹುದು. ವಿದ್ಯಾರ್ಥಿ ಇರುವುದು ಮೂರೋ ನಾಲ್ಕೋ ವರ್ಷ. ಅದರಲ್ಲಿ ಮೊದಲ ಕೆಲವು ತಿಂಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಕೊನೆಯ ಕೆಲವು ತಿಂಗಳು ಪರೀಕ್ಷೆ, ಕೆಲಸದ ಹುಡುಕಾಟ. ನಡುವೆ ಉಳಿಯುವುದು ಎರಡು ವರ್ಷ ಅಂದುಕೊಳ್ಳಿ. ಈಗಷ್ಟೇ ಪಳಗಿದರು ಅನ್ನುವಷ್ಟರಲ್ಲಿ ಹೊರಟುಬಿಡುತ್ತಾರೆ. ಹಾಗಾಗಿ ಈ ಸೇವೆಯಲ್ಲಿ ಮುಂದೆ ಯಾರು ಅನ್ನುವ ಪ್ರಶ್ನೆ ಮೊದಲ ದಿನವೇ ನಮ್ಮ ಮನಸ್ಸಿನಲ್ಲಿರಬೇಕು. ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಕಿರಿಯ ಜೊತೆಗೆಲಸಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಎರಡನೆಯ ಅಧ್ಯಾಯದ ಎರಡನೆಯ ವಚನ ನೋಡಿ. ಪೌಲ ತಿಮೊಥೆಯನಿಗೆ ಕಲಿಸಿದ. ತಿಮೊಥೆಯ ನಂಬಿಗಸ್ತರಿಗೆ ಕಲಿಸಬೇಕು. ಅವರು ಇನ್ನು ಬೇರೆಯವರಿಗೆ ಕಲಿಸಬೇಕು. ಒಂದೇ ವಚನದಲ್ಲಿ ನಾಲ್ಕು ತಲೆಮಾರು! ಕಾಲೇಜಿನಲ್ಲಿ ಆ ನಾಲ್ಕು ತಲೆಮಾರು ಹತ್ತು ವರ್ಷದೊಳಗೇ ಬಂದು ಹೋಗುತ್ತವೆ.

ಇನ್ನೊಂದು ಮಾತು. ಹುಡುಗರ ಕೈಗೆ ಕೊಟ್ಟರೆ ಹಾಳಾಗುತ್ತದೆ ಅನ್ನುವ ಭಯ ನಮಗಿರುತ್ತದೆ. ಇತಿಹಾಸ ಹಾಗೆ ಹೇಳುವುದಿಲ್ಲ. 1729ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ವೆಸ್ಲಿ ಮತ್ತು ಒಂದಿಬ್ಬರು ಗೆಳೆಯರು ಸೇರಿ ಓದಲು, ಪ್ರಾರ್ಥಿಸಲು ಶುರುಮಾಡಿದರು. ಆಮೇಲೆ ಅಣ್ಣ ಜಾನ್ ಬಂದು ಮುಂದಾಳಾದ. ಅವರು ಜೈಲಿಗೆ ಹೋಗಿ ಕೈದಿಗಳನ್ನು ನೋಡಿ ಬರುತ್ತಿದ್ದರು. ಉಳಿದ ವಿದ್ಯಾರ್ಥಿಗಳು ಅಣಕಿಸಿ ಇಟ್ಟ ಅಡ್ಡಹೆಸರೇ ಮೆಥಡಿಸ್ಟ್, ಮುಂದೆ ಅದೇ ಒಂದು ದೊಡ್ಡ ಕ್ರೈಸ್ತ ಪಂಗಡದ ಹೆಸರಾಯಿತು. ಇನ್ನು 1806ರಲ್ಲಿ, ಅಮೆರಿಕದ ವಿಲಿಯಮ್ಸ್ ಕಾಲೇಜಿನ ಐದು ವಿದ್ಯಾರ್ಥಿಗಳು ಬಯಲಿನಲ್ಲಿ ಪ್ರಾರ್ಥನೆಗೆ ಕೂತಿದ್ದರು. ಗುಡುಗು ಮಳೆ ಬಂತು. ಓಡಿ ಹೋಗಿ ಹುಲ್ಲಿನ ಬಣವೆಯ ಮರೆಗೆ ಕೂತರು, ಅಲ್ಲೇ ಪ್ರಾರ್ಥನೆ ಮುಂದುವರಿಸಿದರು. ಅವರಲ್ಲಿ ಸ್ಯಾಮ್ಯುಯೆಲ್ ಮಿಲ್ಸ್ ಅನ್ನುವವನೊಬ್ಬ. ನಾಲ್ಕೇ ವರ್ಷದಲ್ಲಿ, 1810ರಲ್ಲಿ, ಅವನೂ ಅವನ ಜೊತೆಯವರೂ ಒತ್ತಾಯಿಸಿದ್ದರಿಂದ ಅಮೆರಿಕದ ಮೊದಲ ವಿದೇಶಿ ಮಿಷನ್ ಮಂಡಳಿ ಹುಟ್ಟಿತು. ಆ ಬಣವೆಯ ಹತ್ತಿರ ಪಾಸ್ಟರ್ ಇರಲಿಲ್ಲ. ವೇದಿಕೆ, ಮೈಕು ಯಾವುದೂ ಇರಲಿಲ್ಲ.

ಹಾಗಾದರೆ ಶುರು ಎಲ್ಲಿಂದ? ಮೂರು ನಾಲ್ಕು ಜನ ಸಾಕು. ದೊಡ್ಡ ಕಾರ್ಯಕ್ರಮ ಬೇಡ. ಮೊದಲು ಕಾಲೇಜಿನ ಅನುಮತಿ ಕೇಳಿ. ಕೊಡದಿದ್ದರೆ ಹೊರಗೆ ಎಲ್ಲಾದರೂ ಕೂತುಕೊಳ್ಳಿ, ಆದರೆ ಕದ್ದುಮುಚ್ಚಿ ಬೇಡ. ಆಮೇಲೆ ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆ ತೆಗೆಯಿರಿ. 16 ಅಧ್ಯಾಯ ಇದೆ. ವಾರಕ್ಕೊಂದು ಓದಿದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರ್‌ಗೆ ಸರಿಹೋಗುತ್ತದೆ. ಭಾಷಣ ಮಾಡಬೇಡಿ, ಕೇಳಿ. ಇಲ್ಲಿ ಏನು ಬರೆದಿದೆ? ಯೇಸು ಯಾಕೆ ಹಾಗೆ ಮಾಡಿದ? ಇದಕ್ಕೆ ನಾನೇನು ಮಾಡಬೇಕು? ಕೇಳಿದ ಮೇಲೆ ಸುಮ್ನಿರಿ. ಆ ಮೌನ ಕಷ್ಟ. ಒಂದು ನಿಮಿಷ ಒಂದು ಗಂಟೆಯ ಹಾಗೆ ಅನಿಸುತ್ತದೆ. ಆದರೂ ತುಂಬಲು ಹೋಗಬೇಡಿ. ಸತ್ತು ಎದ್ದು ಬಂದ ಯೇಸು, ಎಮ್ಮಾಹು ಅನ್ನುವ ಊರಿಗೆ ನಡೆದು ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆ ಸೇರಿಕೊಂಡಾಗ ಮೊದಲು ಏನು ಮಾಡಿದ? ನೀವು ಏನು ಮಾತಾಡಿಕೊಳ್ಳುತ್ತಿದ್ದೀರಿ ಅಂತ ಕೇಳಿದ. ಅವರು ಪೂರ್ತಿ ಹೇಳಿ ಮುಗಿಸುವ ತನಕ ಕಾದ.

ನನಗೆ ಇದನ್ನು ಮನದಟ್ಟು ಮಾಡಿದವನು ಒಬ್ಬ ಮೊದಲ ವರ್ಷದ ಹುಡುಗ. ಅವನು ಯಾವಾಗಲೂ ಬಾಗಿಲ ಬಳಿಯ ಕುರ್ಚಿಯಲ್ಲೇ ಕೂರುತ್ತಿದ್ದ. ಬ್ಯಾಗ್ ಹೆಗಲಿನಿಂದ ಇಳಿಸುತ್ತಿರಲಿಲ್ಲ. ಅದರ ಪಟ್ಟಿಯನ್ನು ಹೆಬ್ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಎಂಟು ವಾರ ಒಂದು ಮಾತೂ ಆಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಒಂಬತ್ತನೆಯ ವಾರ ಒಂಬತ್ತನೆಯ ಅಧ್ಯಾಯಕ್ಕೆ ಬಂದೆವು. ಕಾಯಿಲೆಯ ಮಗನನ್ನು ಕರೆತಂದ ತಂದೆಯ ಕಥೆ. ನಾನು ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ನನಗೆ ಸಹಾಯಮಾಡು ಅಂತ ಅವನು ಕೂಗಿಕೊಳ್ಳುತ್ತಾನಲ್ಲ, ಅದನ್ನು ಓದಿ ಎಲ್ಲರೂ ಸುಮ್ಮನಾದೆವು. ಆಗ ಬಾಗಿಲ ಕಡೆಯಿಂದ ಮೆಲ್ಲಗೆ ಒಂದು ದನಿ ಬಂತು. "ಹೀಗೂ ಪ್ರಾರ್ಥನೆ ಮಾಡಬಹುದಾ?" ಅವತ್ತು ನಾನು ಹೇಳಬೇಕಂತ ತಯಾರಿ ಮಾಡಿಕೊಂಡಿದ್ದ ಯಾವ ಮಾತೂ ಬೇಕಾಗಲಿಲ್ಲ. ಅವನು ಬ್ಯಾಗ್ ಕೆಳಗಿಟ್ಟ.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಯಾರನ್ನೂ ಒತ್ತಾಯಿಸಬೇಡಿ, ಆಸೆ ತೋರಿಸಬೇಡಿ. ಬೇರೆ ನಂಬಿಕೆಯ ಗೆಳೆಯರು ಬಂದರೆ ಬರಲಿ, ಹೋದರೆ ಹೋಗಲಿ. ಸ್ನೇಹ ಮಾತ್ರ ಬದಲಾಗಬಾರದು. ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರಾಗಿ ಮಾತಾಡುವುದಿದ್ದರೆ ನಾಲ್ಕು ಜನರ ಕಣ್ಣಿಗೆ ಕಾಣುವ ಜಾಗದಲ್ಲಿ ಕೂತು ಮಾತಾಡಿ. ಯಾರಾದರೂ ಬದುಕೇ ಬೇಡ ಅಂದರೆ ಪ್ರಾರ್ಥನೆ ಮಾಡಿ ಮನೆಗೆ ಕಳಿಸಿಬಿಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ದೇವರು ವೈದ್ಯರ ಕೈಯಿಂದಲೂ ಕೆಲಸ ಮಾಡುತ್ತಾನೆ.

ಓದನ್ನು ಹಗುರವಾಗಿ ನೋಡಬೇಡಿ. ಕೂಟಕ್ಕೆ ಬರುವ ಹುಡುಗ ಫೇಲಾದರೆ ಮನೆಯವರು ಏನಂದುಕೊಳ್ಳುತ್ತಾರೆ? ಬೈಬಲಿನ ದಾನಿಯೇಲ ಸೆರೆಯಾಗಿ ಹೋದ ಬಾಬಿಲೋನಿನಲ್ಲಿ ಮೂರು ವರ್ಷ ಪರರ ಭಾಷೆ, ಪರರ ವಿದ್ಯೆ ಕಲಿತವನು. ಮನಸ್ಸಿಟ್ಟು ಕಲಿತ, ದೇವರನ್ನು ಬಿಡಲಿಲ್ಲ. ಪರೀಕ್ಷೆ ಸಮಯದಲ್ಲಿ ನಾವು ಕೂಟ ನಿಲ್ಲಿಸುತ್ತೇವೆ. ಹತ್ತು ನಿಮಿಷ ಪ್ರಾರ್ಥನೆ, ಅಷ್ಟೇ. ಹಾಗೆಯೇ ಭಾನುವಾರ ಅವರು ಯಾವುದಾದರೂ ಸಭೆಗೆ ಹೋಗಲಿ. ಕಾಲೇಜಿನ ಗುಂಪೇ ಸಭೆ ಅಂದುಕೊಂಡವರು ಡಿಗ್ರಿ ಮುಗಿದ ಮೇಲೆ ಒಂಟಿಯಾಗಿಬಿಡುತ್ತಾರೆ. ಅಂಥವರನ್ನು ಕಂಡಿದ್ದೇನೆ, ನೋವಾಗುತ್ತದೆ.

ಬಾಗಿಲ ಬಳಿಯ ಆ ಹುಡುಗ ಎರಡನೆಯ ವರ್ಷ ಕುರ್ಚಿ ಜೋಡಿಸಲು ಬೇಗ ಬರತೊಡಗಿದ. ಆಮೇಲೆ ಪ್ರಶ್ನೆ ಬರೆದುಕೊಂಡು ಬಂದ. ಕೊನೆಯ ವರ್ಷ ಪೂರ್ತಿ ಕೂಟ ನಡೆಸಿದವನು ಅವನೇ. ಜೊತೆಗೆ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಹಂತಹಂತವಾಗಿ ಬಿಟ್ಟುಕೊಟ್ಟ. ಹೋಗುವ ದಿನ ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟ. ತಾನು ದಿನಾ ಯಾರ ಯಾರಿಗಾಗಿ ಪ್ರಾರ್ಥಿಸುತ್ತಿದ್ದನೋ ಆ ಹೆಸರುಗಳೆಲ್ಲ ಅದರಲ್ಲಿದ್ದವು.

ಮುಂದಿನ ವರ್ಷದ ಮೊದಲ ಕೂಟ ಅವಳೇ ನಡೆಸಿದಳು. ಹೊಸಬರು ಆರು ಜನ. ಮಾರ್ಕ, ಮೊದಲನೆಯ ಅಧ್ಯಾಯ. ಒಂದು ಪ್ರಶ್ನೆ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಅವಳು ಗಾಬರಿಯಿಂದ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ಬೈಬಲ್ ನೋಡುತ್ತಾ ಕೂತೆ. ಅವಳೂ ಕಾದಳು. ಆಗ ಬಾಗಿಲ ಬಳಿ ಕೂತಿದ್ದ ಹುಡುಗಿ ಗಂಟಲು ಸರಿಮಾಡಿಕೊಂಡಳು.