ಮೂರು ದಿನದ ಜ್ಯೂಸು, ಅವ್ವನ ಜೋಳದ ನುಚ್ಚು

ಬೆಳಿಗ್ಗೆ ಆರೂವರೆ. ಇದು ಕೊಪ್ಪಳದ ನಮ್ಮ ಮನೆ ಅಡುಗೆಮನೆ. ಒಲೆ ಮೇಲೆ ಕೊತಕೊತ ಕುದಿಯುತ್ತಿರುವುದು ಜೋಳದ ನುಚ್ಚು. ಅವ್ವ ಕೈ ಬಿಡದೆ ತಿರುವುತ್ತಿದ್ದಾಳೆ, ಇಲ್ಲಾಂದ್ರೆ ತಳ ಹಿಡಿಯುತ್ತದೆ. ಎರಡು ತಿಂಗಳ ಹಿಂದೆ ಇದೇ ಹೊತ್ತಿಗೆ ಇಲ್ಲಿ ಮಿಕ್ಸಿ ತಿರುಗುತ್ತಿತ್ತು. ಸೇಬು, ಹಸಿ ಪಾಲಕ್, ಹಸಿ ಎಲೆಕೋಸು, ನಿಂಬೆಹಣ್ಣು. ಏಳು ದಿನದ ಡಿಟಾಕ್ಸ್, ಅಂದರೆ ಊಟ ಬಿಟ್ಟು ಬರೀ ಜ್ಯೂಸು ಕುಡಿದು ಮೈ ಒಳಗಿನ ಕೊಳೆ ತೊಳೆಯುತ್ತೇವೆ ಅನ್ನೋ ಪಥ್ಯ.

ನನ್ನದು ಮೊದಲಿನಿಂದಲೂ ಸೂಕ್ಷ್ಮ ಹೊಟ್ಟೆ. ಉಂಡ ಅರ್ಧ ಗಂಟೆಗೆ ಉಬ್ಬರ, ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ. ವೈದ್ಯರು ಇದಕ್ಕೆ ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್) ಅಂದರು. ಕರುಳಿನಲ್ಲಿ ಗಾಯವಿಲ್ಲ, ಬಾವು ಇಲ್ಲ. ಆದರೆ ನೋವು ಮಾತ್ರ ನಿಜ. ವರ್ಷಗಟ್ಟಲೆ ಇದನ್ನು ಅನುಭವಿಸಿದವರಿಗೆ 'ಒಳಗಿನ ಕೊಳೆಯೆಲ್ಲ ತೊಳೆದು ಹೋಗುತ್ತೆ' ಅನ್ನೋ ಮಾತು ಎಷ್ಟು ಹಿತವಾಗಿ ಕೇಳುತ್ತೆ ಗೊತ್ತಾ? ನಾನು ನಂಬಿದೆ.

ಮೂರನೇ ದಿನ ಗಂಗಾವತಿ ಬಸ್ಸಿನಲ್ಲಿದ್ದೆ. ಹೊಟ್ಟೆ ಹಿಂಡಿದ ಹಾಗೆ ಕಿವುಚುತ್ತಿತ್ತು, ಕಣ್ಣು ಕತ್ತಲೆ ಬಂತು. ಗಿಣಿಗೇರಾದಲ್ಲಿ ಇಳಿದು ಒಂದು ಚಹಾ ಅಂಗಡಿ ಬೆಂಚಿನ ಮೇಲೆ ಕೂತೆ. ಅಂಗಡಿಯ ಅಜ್ಜಿ ನನ್ನ ಕೈ ಮುಟ್ಟಿ ನೋಡಿದಳು, ತಣ್ಣಗಿತ್ತು. ನೀರಿಗೆ ಉಪ್ಪು ಸಕ್ಕರೆ ಕಲಸಿ ಕೊಟ್ಟಳು. "ಯವ್ವಾ, ಏನ್ ಉಂಡಿ ಮುಂಜಾನಿ?" ಅಂದಳು. ಜ್ಯೂಸು ಅಂದೆ. "ಉಣ್ಣೂದು ಏನ್ ಉಂಡಿ ಅಂತ ಕೇಳಾಕತ್ತೀನಿ" ಅಂದಳು. ನನಗೆ ಅಳು ಬಂತು.

ಆಮೇಲೆ ಕೂತು ಓದಿದೆ, ವೈದ್ಯರನ್ನೂ ಕೇಳಿದೆ. ಸೇಬಿನ ರಸದಲ್ಲಿ ಫ್ರಕ್ಟೋಸ್ ಜಾಸ್ತಿ, ಜೊತೆಗೆ ಸಾರ್ಬಿಟಾಲ್ ಎಂಬ ಇನ್ನೊಂದು ಸಿಹಿ ಅಂಶ. ನಮ್ಮಂಥವರ ಸಣ್ಣ ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ, ದೊಡ್ಡ ಕರುಳಿಗೆ ಹೋಗಿ ಹುದುಗಿ ಗ್ಯಾಸ್ ಆಗುತ್ತದೆ. ಇಂಥ ಸಕ್ಕರೆಗಳಿಗೆಲ್ಲ ಸೇರಿ ಫಾಡ್‌ಮ್ಯಾಪ್ ಅಂತ ಹೆಸರು. ಆಸ್ಟ್ರೇಲಿಯಾದ ಮೋನಾಶ್ ವಿಶ್ವವಿದ್ಯಾಲಯದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಅಂದರೆ ಆರೋಗ್ಯಕ್ಕೆ ಅಂತ ಕುಡಿದ ಆ ಲೋಟದಲ್ಲೇ ನನ್ನ ಹೊಟ್ಟೆನೋವಿತ್ತು.

ಇನ್ನು ಒಳಗಿನ ಕೊಳೆ ತೊಳೆಯುವ ಕೆಲಸ. ಅದನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಬೇಕಾದದ್ದನ್ನು ವಾಪಸ್ ಇಟ್ಟುಕೊಂಡು ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಕಳಿಸುತ್ತವೆ. ಪಿತ್ತಜನಕಾಂಗ ಹಗಲು ರಾತ್ರಿ ದುಡಿಯುತ್ತದೆ. ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತದೆ. ಹೊಸ ಪದರ ಕಟ್ಟಲು ಪ್ರೋಟೀನ್ ಬೇಕು. ಜ್ಯೂಸಿನಲ್ಲಿ ಅದೇ ಕಡಿಮೆ.

ಆ ಮೂರು ದಿನದಲ್ಲಿ ಒಂದೂವರೆ ಕೆಜಿ ಇಳಿದಿದ್ದೆ ನಿಜ. ಬಹುಪಾಲು ನೀರು. ಊಟ ಶುರುವಾದ ವಾರದೊಳಗೆ ತೂಕ ಮೊದಲಿನ ಹಾಗೇ ಆಯಿತು.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಡಿಟಾಕ್ಸ್ ಚಹಾ ಪೊಟ್ಟಣದ ಮೇಲೆ ಸೆನ್ನಾ ಅಂತ ಇದೆಯಾ ನೋಡಿ. ಅದು ಭೇದಿ ಮಾಡಿಸುವ ಸೊಪ್ಪು. ದಿನಾ ಕುಡಿದರೆ ನೀರು, ಪೊಟ್ಯಾಸಿಯಂ ಕಳೆದುಹೋಗುತ್ತವೆ. ಇನ್ನೊಂದು, ಸೋರೆಕಾಯಿ ರಸ ಕಹಿ ಇದ್ದರೆ ಒಂದು ಗುಟುಕೂ ಕುಡಿಯಬೇಡಿ. ಕಹಿ ಸೋರೆಕಾಯಿ ರಸದಿಂದ ನಮ್ಮ ದೇಶದಲ್ಲೇ ಜನ ಸತ್ತಿದ್ದಾರೆ.

ಈಗ ಈ ಪಾತ್ರೆ ನೋಡಿ. ಗಿರಣಿಯಲ್ಲಿ ಜೋಳ ಒಡೆಸಿ, ಹಿಟ್ಟು ಜರಡಿ ಹಿಡಿದು, ಉಳಿದ ನುಚ್ಚನ್ನು ತೊಳೆದು ರಾತ್ರಿ ನೆನೆಹಾಕಿದ್ದು. ಒಂದು ಲೋಟಕ್ಕೆ ಐದು ಲೋಟ ನೀರು, ಚೂರು ಉಪ್ಪು. ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆ ಹಾಗೆ ಆಗಬೇಕು. ಆರಿದ ಮೇಲೆ ಹುಳಿ ಇಲ್ಲದ ಮಜ್ಜಿಗೆ, ಹುರಿದ ಜೀರಿಗೆ. ಜೋಳದಲ್ಲಿ ಗ್ಲುಟೆನ್ (ಗೋಧಿಯಲ್ಲಿರುವ ಅಂಟು ಪ್ರೋಟೀನ್) ಇಲ್ಲ, ನಾರು ಚೆನ್ನಾಗಿದೆ. ಆದರೆ ನಾರನ್ನು ಒಮ್ಮೆಗೇ ಹೆಚ್ಚಿಸಬೇಡಿ. ನಾನು ಮೊದಲ ವಾರ ಅರ್ಧ ಬಟ್ಟಲಿಂದ ಶುರು ಮಾಡಿದೆ.

ಮಧ್ಯಾಹ್ನ ಮೆತ್ತಗಿನ ರೊಟ್ಟಿ, ಹೀರೆಕಾಯಿ ಪಲ್ಯ, ತೆಳ್ಳಗಿನ ಹೆಸರುಬೇಳೆ. ಅಲಸಂದೆ, ಕಡಲೆಬೇಳೆ ನನಗೆ ಆಗುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮೂರು ವಾರ ಪೂರ್ತಿ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಿದೆ. ಬೆಳ್ಳುಳ್ಳಿಯೇ ಜಾಸ್ತಿ ತೊಂದರೆ ಕೊಡುವುದು ಅಂತ ಹಾಗೆ ತಿಳಿಯಿತು. ನಿಮಗೆ ಬೇರೆ ಏನೋ ಇರಬಹುದು, ಬರೆದಿಟ್ಟುಕೊಂಡು ನೋಡಿ. ಸಂಜೆ ಒಗ್ಗರಣೆ ಮಂಡಕ್ಕಿ ತಿನ್ನುತ್ತೇನೆ, ಜೊತೆಗಿನ ಮಿರ್ಚಿ ಮಾತ್ರ ತಮ್ಮನಿಗೆ.

ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಹೊತ್ತು. ಮೊದಲು ಬೆಳಿಗ್ಗೆ ಚಹಾ, ಮಧ್ಯಾಹ್ನ ಮೂರಕ್ಕೆ ಊಟ, ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯುವಷ್ಟು. ಈಗ ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ. ಉಬ್ಬರ ಪೂರ್ತಿ ಹೋಗಿಲ್ಲ. ಆದರೆ ಬಸ್ಸಿನಲ್ಲಿ ಭಯ ಇಲ್ಲದೆ ಕೂರುತ್ತೇನೆ.

ಮಲದಲ್ಲಿ ರಕ್ತ ಕಂಡರೆ, ಕಾರಣ ಇಲ್ಲದೆ ತೂಕ ಇಳಿದರೆ, ಹೊಟ್ಟೆನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ ನುಚ್ಚು, ಮಜ್ಜಿಗೆ ಅಂತ ಕಾಯಬೇಡಿ, ಮೊದಲು ವೈದ್ಯರ ಹತ್ತಿರ ಹೋಗಿ.

ಬುತ್ತಿ ಕಟ್ಟಿ ಆಯಿತು. ಇನ್ನೊಂದು ಡಬ್ಬಿಯಲ್ಲೂ ನುಚ್ಚು ಇದೆ, ಗಿಣಿಗೇರಾದ ಅಜ್ಜಿಗೆ. ಬಸ್ಸು ಏಳೂವರೆಗೆ.